ಮಂಡಕ್ಕಿ ಬಿದ್ದ ಮಡು

ಮೀನನ್ನು ಹಿಡಿದು ಮತ್ತೆ ನೀರಿಗೇ ಬಿಡುವುದನ್ನು ಜನರಿಗೆ ಕಲಿಸುವ ಕೆಲಸವೂ ಇದೆ ಎಂದು ಶ್ರದ್ಧಾ ಹೇಳಿದ ದಿನ, ಅವಳ ಅಪ್ಪ ಕೈಯಲ್ಲಿದ್ದ ಬಂಗುಡೆಯನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದರು. ಪುಣೆಯ ಸ್ವಾರಗೇಟಿನ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನಮ್ಮದು ಮೀನೂಟದ ಹೋಟೆಲು. ಊರಿನಿಂದ ಮಂಜುಗಡ್ಡೆ ತುಂಬಿದ ಥರ್ಮಾಕೋಲ್ ಡಬ್ಬಿಗಳಲ್ಲಿ ಮೀನು ಬಸ್ಸಿಗೆ ಬರುತ್ತದೆ. ಬಂದ ಮೀನು ಅವತ್ತೇ ಮುಗಿಯಬೇಕು. ಬಿಡುವ ಮಾತೇ ನಮ್ಮಲ್ಲಿ ಇಲ್ಲ.

"ಹಿಡಿದು ಬಿಡುದಾ?" ಎಂದರು ದೇವದಾಸ್. "ಎಂತಕ್ಕೆ?"

"ಟ್ರೌಟ್ ಅಪ್ಪ. ಹಿಮಾಚಲದ ತಣ್ಣೀರಿನ ಮೀನು. ಎರೆಹುಳ ಹಾಕಿ ಹಿಡಿಯುದಲ್ಲ, ಫ್ಲೈ ಹಾಕಿ ಹಿಡಿಯುದು. ಹಿಡಿದು, ನೋಡಿ, ಬಿಡುದು."

"ರುಚಿ ಇಲ್ವಾ ಅದಕ್ಕೆ?"

"ಉಂಟಂತೆ. ಆದ್ರೂ ಬಿಡುದು."

"ರುಚಿ ಇದ್ದೂ ಬಿಡುದಂತೆ," ಎಂದು ಅವರು ಬಂಗುಡೆಗೆ ಹೇಳಿ ಅದರ ಹೊಟ್ಟೆ ಸೀಳಿದರು.

ಫ್ಲೈ ಎಂದರೆ ನೊಣ ಎಂದು ಅವಳು ಹೇಳಿದ್ದಳು. ನಾನು ಕನ್ನಡಕ ಹಾಕಿಕೊಂಡು ನೋಡಿದೆ, ನೊಣವಲ್ಲ. ಅಕ್ಕಿಕಾಳಿನಷ್ಟು ಕೊಕ್ಕೆಗೆ ಕೋಳಿಯ ಕುತ್ತಿಗೆಯ ಪುಕ್ಕ, ನಾಯಿಯ ಬಾಲದ ಕೂದಲು, ನನ್ನ ಹೊಲಿಗೆ ಡಬ್ಬಿಯ ದಾರ ಇಷ್ಟನ್ನು ಸುತ್ತಿ, ನೀರಿಗೆ ಬಿದ್ದ ಹುಳ ಎಂದು ಮೀನು ನಂಬುವ ಹಾಗೆ ಮಾಡಿದ ಒಂದು ಮೋಸ. ಸಂಜೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅದನ್ನೇ ಕಟ್ಟುತ್ತಿದ್ದಳು. ನನ್ನ ಧಾರೆ ಸೀರೆಯ ಹರಿದ ಅಂಚಿನಿಂದ ಜರಿ ಕಿತ್ತು ಒಂದು ಫ್ಲೈಯ ಹೊಟ್ಟೆಗೆ ಸುತ್ತಿದ್ದಾಳೆ ಎಂದು ತಿಳಿದಾಗ ನಾನು ಅವಳೊಂದಿಗೆ ಮಾತು ಬಿಟ್ಟಿದ್ದೆ. ಮಾತು ಬಿಟ್ಟರೆ ಹೋಟೆಲು ನಡೆಯುವುದಿಲ್ಲ, ಹಾಗಾಗಿ ಮತ್ತೆ ಶುರು ಮಾಡಿದೆ.

ಅವಳಿಗೆ ಇದನ್ನೆಲ್ಲ ಕಲಿಸಿದವರು ಪ್ರಲ್ಹಾದ ಎನ್ನುವವರು. ಧಾರವಾಡ ಕಡೆಯ ಮನೆತನ, ಅಜ್ಜನ ಕಾಲದಿಂದ ಪುಣೆಯಲ್ಲಿದ್ದಾರೆ, ಕಾರ್ಖಾನೆಯ ಕೆಲಸದಿಂದ ನಿವೃತ್ತರು. ಬೇಸಿಗೆ ಶುರುವಾಗುತ್ತಲೇ ಹಿಮಾಚಲದ ಒಂದು ಹೊಳೆಯ ದಡದಲ್ಲಿ ಡೇರೆ ಹಾಕಿ, ಟ್ರೌಟ್ ಹಿಡಿಯಲು ಬರುವವರನ್ನು ಮಳೆಗಾಲದವರೆಗೆ ಅಲ್ಲಿ ಇಟ್ಟುಕೊಳ್ಳುತ್ತಾರೆ. ಜೊತೆಗೆ ಪುಣೆಯಿಂದ ಇಬ್ಬರು ಸಹಾಯಕರು. ಈ ಸಲ ಒಂದು ಜಾಗ ಖಾಲಿ ಇತ್ತು, ಅದು ಶ್ರದ್ಧಾಳಿಗೆ ಬೇಕಿತ್ತು. ಊಟ ಬಡಿಸುವಾಗಲೂ ಅವಳ ಬಲಗೈ ಮಣಿಕಟ್ಟು ಹಿಂದಕ್ಕೂ ಮುಂದಕ್ಕೂ ಆಡುತ್ತಿತ್ತು, ಅಷ್ಟು ಬೇಕಿತ್ತು.

ಪ್ರಲ್ಹಾದರ ಷರತ್ತು ಎರಡು. ಅವರ ಕಣ್ಣೆದುರು ಒಂದು ಮೀನನ್ನು ಫ್ಲೈಗೆ ಹಿಡಿದು, ಅದಕ್ಕೆ ಗಾಯವಾಗದಂತೆ ನೀರಿಗೆ ಬಿಟ್ಟು ತೋರಿಸಬೇಕು. ಮನೆಯವರೊಬ್ಬರು ಜೊತೆಗೆ ಬಂದು, ಕೆಲಸ ಎಂಥದ್ದೆಂದು ನೋಡಿ ಒಪ್ಪಬೇಕು.

"ನೀನೇ ಹೋಗು ಮಾರಾಯ್ತಿ," ಎಂದರು ದೇವದಾಸ್. "ನೀನು ಹೂಂ ಅಂದ್ರೆ ನಂದೂ ಹೂಂ. ನೀನು ಬೇಡ ಅಂದ್ರೆ ಅವಳು ನಿನ್ನತ್ರವೇ ಜಗಳ ಮಾಡ್ಲಿ, ನನಗೆ ಪುರುಸೊತ್ತಿಲ್ಲ."

ಬೇಡ ಎನ್ನುವ ಮಾತು ನನ್ನ ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಕಾರಣ ಮಾತ್ರ ಇನ್ನೂ ಸಿಕ್ಕಿರಲಿಲ್ಲ.

ಬೆಳಕು ಹರಿಯುವಾಗ ಶ್ರದ್ಧಾಳ ಸ್ಕೂಟರಿನ ಹಿಂದೆ ಕುಳಿತು ಹೊರಟೆ. ಗಾಳದ ಕೋಲು ಇಟ್ಟ ಉದ್ದನೆಯ ಕೊಳವೆಯನ್ನು ನಾನು ಬಾವುಟದ ಹಾಗೆ ನೆಟ್ಟಗೆ ಹಿಡಿದುಕೊಳ್ಳಬೇಕಿತ್ತು. ಭುಜಕ್ಕೆ ನನ್ನ ಚೀಲ. ಚೀಲದಲ್ಲಿ ನೀರು, ಮಂಡಕ್ಕಿ, ಹುರಿದ ಶೇಂಗಾ. ಊರಂಚಿನ ಚಾಂದನಿ ಚೌಕ ದಾಟುವಷ್ಟರಲ್ಲೇ ಫೋನು.

"ತಾಯಪ್ಪ ಬರ್ಲಿಲ್ಲ," ಎಂದರು ದೇವದಾಸ್. ತಾಯಪ್ಪ ನಮ್ಮ ಅಡುಗೆಯವನು. "ಗಸಿಗೆ ಅರೆದ ಮಸಾಲೆ ಎಲ್ಲಿಟ್ಟಿದ್ದಿ?"

"ಫ್ರಿಜ್ಜಿನಲ್ಲಿ, ಕೆಳಗೆ, ಸ್ಟೀಲಿನ ಡಬ್ಬಿ."

"ಸ್ಟೀಲಿನ ಡಬ್ಬಿಯಲ್ಲಿ ದೋಸೆ ಹಿಟ್ಟುಂಟು."

"ಅದರ ಹಿಂದಿನ ಸ್ಟೀಲಿನ ಡಬ್ಬಿ!"

"ಅಮ್ಮ, ಕಿವಿಯ ಹತ್ರ ಕಿರುಚ್ಬೇಡ," ಎಂದಳು ಶ್ರದ್ಧಾ. "ಮತ್ತೆ ಹೊಳೆ ಹತ್ರ ಫೋನ್ ಸೈಲೆಂಟಲ್ಲಿಡು. ಪ್ಲೀಸ್."

ಮುಳಶಿಯ ಕಡೆ, ಅಣೆಕಟ್ಟಿನ ಕೆಳಗೆ, ಹೊಳೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು. ದಡದ ಕಲ್ಲುಗಳ ಮೇಲೆ ರಂಗಪಂಚಮಿಯ ಗುಲಾಬಿ ಬಣ್ಣ ಇನ್ನೂ ಹೋಗಿರಲಿಲ್ಲ. ಪ್ರಲ್ಹಾದರು ಆಗಲೇ ಬಂದು ಒಂದು ಬಂಡೆಯ ಮೇಲೆ ಪೇಪರು ಹಾಸಿ, ಫ್ಲಾಸ್ಕು ಇಟ್ಟುಕೊಂಡು ಕುಳಿತಿದ್ದರು. ತಲೆಗೆ ಬಟ್ಟೆಯ ಟೊಪ್ಪಿ, ಕಾಲಿಗೆ ಹಳೆಯ ಕ್ಯಾನ್ವಾಸ್ ಬೂಟು.

"ಬರ್ರಿ ವೈನಿ, ಬರ್ರಿ. ಚಹಾ ಕುಡೀರಿ. ಶ್ರದ್ಧಾ, ನೀ ಶುರು ಮಾಡು. ಬಿಸಿಲು ಮಡುವಿಗೆ ಬೀಳೋತನಕಾ ನಿನ್ನ ವ್ಯಾಳ್ಯಾ. ಆಮ್ಯಾಲೆ ಬಂದ್."

"ಬಿಸಿಲು ಬಿದ್ರೆ ಎಂತ ಆಗ್ತದೆ?" ಎಂದು ಕೇಳಿದೆ.

"ನೀರು ಬೆಚ್ಚಗಾಗ್ತದ್ರಿ. ಬೆಚ್ಚಗಿನ ನೀರಾಗ ಮೀನಕ್ಕ ದಮ್ಮು ಹತ್ತತದ. ಆವಾಗ ಹಿಡದ್ರ, ಬಿಟ್ಟರೂ ಬದುಕಂಗಿಲ್ಲ."

ಶ್ರದ್ಧಾ ಪ್ಯಾಂಟು ಮೊಣಕಾಲಿಗೆ ಮಡಚಿ ನೀರಿಗಿಳಿದಳು. ದಪ್ಪ ಹಳದಿ ದಾರ ಅವಳ ತಲೆಯ ಮೇಲಿಂದ ಹಿಂದಕ್ಕೆ ಹೋಯಿತು, ಅಲ್ಲಿ ಗಾಳಿಯಲ್ಲಿ ಒಂದು ಕ್ಷಣ ನಿಂತಿತು, ಆಮೇಲೆ ಮುಂದೆ ಬಂದು ನೀರಿನ ಮೇಲೆ ಮಲಗಿತು. ಮತ್ತೆ ಹಿಂದೆ, ಮತ್ತೆ ನಿಲ್ಲುವುದು, ಮತ್ತೆ ಮುಂದೆ. ಆ ನಿಲ್ಲುವ ಕ್ಷಣ ನನಗೆ ತಡೆಯಲಾಗುತ್ತಿರಲಿಲ್ಲ. ಪ್ರತಿ ಸಲವೂ ನನ್ನ ಕಾಲು ತಾನಾಗಿ ನೆಲ ಒದೆಯುತ್ತಿತ್ತು.

"ಎಂತಕ್ಕೆ ಹಿಂದೆ ನಿಲ್ಲಿಸುದು? ಬೇಗ ಬೇಗ ಎಸೀಬಾರ್ದಾ?"

"ಹಿಂದ ಹೋದ ದಾರ ಪೂರ್ತಿ ಬಿಚ್ಚಿಕೊಳ್ಳಬೇಕ್ರಿ. ಅವಸರ ಮಾಡಿದ್ರ ಚಾಟಿ ಹೊಡದಂಗಾಗಿ ಫ್ಲೈ ಕಡದು ಹೋಗ್ತದ."

"ನೀವು ಹಿಡಿದ ಮೀನು ಒಂದಾದ್ರೂ ತಿಂದಿದ್ದೀರಾ?"

"ನಮ್ಮ ಮನ್ಯಾಗ ಉಳ್ಳಾಗಡ್ಡಿ ಸೈತ ವಾರದಾಗ ಎರಡು ದಿನ ಬಂದ್ ಇರ್ತದ. ಮೀನ ಎಲ್ಲಿಂದ ತಿನ್ನಲಿ?"

"ತಿನ್ನದವರು ಹಿಡಿಯುದೆಂತಕ್ಕೆ ಹಾಗಾದ್ರೆ?"

"ನಿಮ್ಮ ಹೋಟೆಲಿಗೆ ಬಂದು ಬರೇ ಚಹಾ ಕುಡದು ಹೋಗವ್ರು ಇರ್ತಾರಿಲ್ಲೋ? ಹಂಗ. ಭೆಟ್ಟಿ ಆಗಿ ಬರೋದ್ರಿ."

"ಅಂಥವರನ್ನು ನಾವು ಬೇಗ ಏಳಿಸ್ತೇವೆ," ಎಂದೆ. ಅವರು ಜೋರಾಗಿ ನಕ್ಕು, ಶ್ರದ್ಧಾ ತಿರುಗಿ ನೋಡಿದ್ದಕ್ಕೆ ಬಾಯಿ ಮುಚ್ಚಿಕೊಂಡರು.

ನಾನು ಮತ್ತೆ ಕೇಳಿದೆ, "ಇಲ್ಲಿಯೂ ಟ್ರೌಟ್ ಉಂಟಾ?"

"ಎಲ್ಲೀದ್ರಿ! ಅದಕ್ಕ ಈ ನೀರು ಭಾಳ ಬಿಸಿ. ಇಲ್ಲಿರೋದು ಮಹಾಶೀರ್. ಮೈತುಂಬ ದೊಡ್ಡ ದೊಡ್ಡ ಹುರುಪಿ, ತಾಮ್ರದ ಬಣ್ಣ, ಬಾಯಿ ಹತ್ರ ಮೀಸಿ. ನಿಮ್ಮ ಕಡೆ ಗುಡಿ ಮುಂದಿನ ಹೊಳ್ಯಾಗ ಇರ್ತಾವಲ್ಲ, ಜನ ಚುರಮರಿ ಹಾಕ್ತಾರಲ್ಲ? ಅವೇ."

ಚಹಾ ನನ್ನ ಸೀರೆಯ ಮೇಲೆ ಚೆಲ್ಲಿತು.

ನನ್ನ ತವರೂರಿನಲ್ಲಿ ಹೊಳೆ ದೇವಸ್ಥಾನದ ಮೆಟ್ಟಿಲಿಗೇ ಬಂದು ತಾಗುತ್ತದೆ. ಅಲ್ಲಿನ ಮೀನು ದೇವರ ಮೀನು. ಮನೆಮನೆಯಲ್ಲಿ ದಿನವೂ ಮೀನು ಸಾರು ಕುದಿಯುವ ಊರಿನಲ್ಲಿ ಆ ಮೀನಿಗೆ ಮಾತ್ರ ಯಾರೂ ಕೈ ಹಾಕುವುದಿಲ್ಲ. ಅದನ್ನು ಕಂಡರೆ ಮಂಡಕ್ಕಿ ಹಾಕುವುದು, ಪ್ರಲ್ಹಾದರು ಚುರಮರಿ ಎಂದದ್ದು ಅದನ್ನೇ. ಊರು ಬಿಟ್ಟು ಹೋಗುವವರು, ಅದರಲ್ಲೂ ಹೆಣ್ಣುಮಕ್ಕಳು, ಹೊರಡುವ ಮುಂಚೆ ಮೆಟ್ಟಿಲಿಗೆ ಬಂದು ಒಂದು ಬೊಗಸೆ ಹಾಕಿಯೇ ಹೋಗುವುದು. ಬೊಗಸೆಗೆ ಮಂಡಕ್ಕಿ ಸುರಿಯುವವಳು ತಾಯಿ. ಮದುವೆಯಾಗಿ ಪುಣೆಯ ಬಸ್ಸು ಹತ್ತುವ ಮುಂಚೆ ನನ್ನ ಬೊಗಸೆಗೆ ನನ್ನಮ್ಮ ಸುರಿದಿದ್ದರು. ಶ್ರದ್ಧಾ ಸಣ್ಣವಳಿದ್ದಾಗ ಅನ್ನ ತಿನ್ನಿಸಲು ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ.

"ಅವಳಿಗೆ ಗೊತ್ತುಂಟಾ, ಇದು ಅದೇ ಮೀನು ಅಂತ?" ಎಂದು ಕೇಳಿದೆ.

"ಗೊತ್ತದರಿ. ಬಿಡತೇವಲ್ಲ, ಅದಕ್ಕೇನು ಪಾಪ ಹತ್ತಂಗಿಲ್ಲ ಅಂತ ಆಕೀನ ಅಂದ್ಲು."

ಆ ಕ್ಷಣಕ್ಕೆ ಸರಿಯಾಗಿ ನೀರಿನಲ್ಲಿ ಏನೋ ಹೊರಳಿತು, ಶ್ರದ್ಧಾಳ ಕೋಲು ಬಾಗಿತು, ನನ್ನ ಫೋನು ಕಿರುಚಿತು. ಅವಳು ನನ್ನ ಕಡೆ ತಿರುಗಿದಳು. ಅಷ್ಟೇ ಸಾಕಾಯಿತು. ದಾರ ಸಡಿಲವಾಯಿತು.

"ಹೋಯ್ತು," ಎಂದಳು. ಧ್ವನಿಯನ್ನೇನೂ ಏರಿಸಲಿಲ್ಲ. ಏರಿಸಿದ್ದರೆ ಒಳ್ಳೆಯದಿತ್ತು.

"ಹಿಂದಿನ ಸ್ಟೀಲಿನ ಡಬ್ಬಿಯಲ್ಲಿ ಹುಣಸೆಹಣ್ಣುಂಟು," ಎಂದರು ಫೋನಿನಲ್ಲಿ ದೇವದಾಸ್.

ನನಗೆ ಕುಳಿತಲ್ಲಿ ಕುಳಿತಿರಲು ಆಗಲಿಲ್ಲ. ಬಿಸಿಲು ಎದುರು ಗುಡ್ಡದಿಂದ ಇಳಿಯುತ್ತ ಆಚೆ ದಡದ ಪೊದೆಗಳವರೆಗೆ ಬಂದಿತ್ತು. ಹೋಟೆಲಿನಲ್ಲಿ ಮಸಾಲೆ ಇಲ್ಲ, ಇಲ್ಲಿ ಮೀನಿಲ್ಲ, ಬೇಡ ಎನ್ನಲು ಕಾರಣವೂ ಇಲ್ಲ. ಅವಳಿಗೆ ಮೀನು ಸಿಗದಿದ್ದರೆ ನಾನು ಬೇಡ ಎನ್ನುವ ಅಗತ್ಯವೇ ಬೀಳುವುದಿಲ್ಲ ಎಂದು ಹೊಳೆದದ್ದು ಆಗಲೇ. ಆ ಯೋಚನೆಯಿಂದ ದೂರ ಹೋಗುವವಳಂತೆ ಚೀಲ ಎತ್ತಿಕೊಂಡು ಹೊಳೆ ಹರಿಯುವ ದಿಕ್ಕಿನಲ್ಲಿ ನಡೆದೆ.

"ವೈನಿ, ನೆರಳು ನೀರಿಗೆ ಬೀಳಧಂಗ ಹೋಗ್ರಿ," ಎಂದು ಪ್ರಲ್ಹಾದರು ಹಿಂದಿನಿಂದ ಪಿಸುಗುಟ್ಟಿದರು.

ತಿರುವು ದಾಟಿದರೆ ಒಂದು ಅತ್ತಿಮರ, ಅದರ ಬುಡದಲ್ಲಿ ಹಸಿರು ಮಡು. ಬಗ್ಗಿ ನೋಡಿದೆ. ಮೊದಲು ಕಲ್ಲುಗಳೆಂದುಕೊಂಡೆ. ಆಮೇಲೆ ಒಂದು ಕಲ್ಲು ತಿರುಗಿ ತಾಮ್ರದಂತೆ ಹೊಳೆಯಿತು. ಇನ್ನೊಂದು. ಅದರ ಹಿಂದೆ ನನ್ನ ತೋಳಿನಷ್ಟು ಉದ್ದದ್ದು, ಬಾಯಿಯ ಬಳಿ ಮೀಸೆ, ಬಾಲ ಮಾತ್ರ ಮೆಲ್ಲಗೆ ಆಡಿಸುತ್ತ ನಿಂತಿತ್ತು. ಊರಿನ ಮೆಟ್ಟಿಲ ಕೆಳಗೆ ನಿಲ್ಲುವ ಹಾಗೆಯೇ ನಿಂತಿತ್ತು.

ಕೈ ಚೀಲದೊಳಗೆ ಹೋಗಿದ್ದು ನನಗೆ ಗೊತ್ತಾಗಲಿಲ್ಲ. ಮಂಡಕ್ಕಿ ಆಗಲೇ ನೀರಿನ ಮೇಲಿತ್ತು.

ಮಡು ಕುದಿಯಿತು. ಎಲ್ಲಿದ್ದವೋ ಅಷ್ಟೂ ಮೀನುಗಳು, ಒಂದರ ಮೇಲೊಂದು, ಬಿಳಿಯ ಕಾಳುಗಳನ್ನು ಬಾಯಿಬಿಟ್ಟು ಎಳೆದುಕೊಳ್ಳುತ್ತಿದ್ದವು. ನಾನು ಇನ್ನೊಂದು ಹಿಡಿ ಹಾಕಿದೆ. ಮತ್ತೊಂದು. ಆಮೇಲೆ, ನಾನು ಏನು ಮಾಡಿದ್ದೇನೆಂದು ತಿಳಿಯದೆಯೇ, ಹುಡುಗಿಯ ಹಾಗೆ ಕೂಗಿದೆ.

"ಶ್ರದ್ಧಾ! ಇಲ್ಲಿ ಬಾ! ಎಲ್ಲ ಇಲ್ಲೇ ಉಂಟು ಮಾರಾಯ್ತಿ!"

ಅವರಿಬ್ಬರೂ ಓಡಿ ಬಂದರು. ಪ್ರಲ್ಹಾದರು ನೀರು ನೋಡಿದರು, ನನ್ನ ಕೈ ನೋಡಿದರು, ಟೊಪ್ಪಿ ತೆಗೆದು ಹಣೆ ಚಚ್ಚಿಕೊಂಡರು. "ಅಯ್ಯ ವೈನಿ! ಸತ್ಯನಾರಾಯಣ ಪೂಜಾ ಮಾಡಿದಂಗ ಪ್ರಸಾದ ಹಂಚಿಬಿಟ್ರಲ್ರಿ! ಇನ್ನ ಅವು ಚುರಮರಿ ಬಿಟ್ಟು ಪುಕ್ಕದ ಕಡೆ ಹೊಳ್ಳಿ ನೋಡತಾವೇನು?"

ಶ್ರದ್ಧಾ ನನ್ನ ಹತ್ತಿರ ಬಂದು ನಿಂತಳು. ಮೊಣಕಾಲಿನಿಂದ ನೀರು ಇಳಿಯುತ್ತಿತ್ತು.

"ಅಮ್ಮ. ಬೇಕಂತಲೇ ಹಾಕಿದ್ದಾ?"

"ಇಲ್ಲ," ಎಂದೆ. "ಕೈ ಹೋಯ್ತು."

ಅದು ನಿಜ. ಪ್ರಲ್ಹಾದರು ಹಣೆ ಚಚ್ಚಿಕೊಂಡಾಗ ನನ್ನ ಎದೆಯಲ್ಲಿ ಏನೋ ಒಂದು ಹಗುರಾದದ್ದೂ ನಿಜ. ಎರಡನೆಯದನ್ನು ಅವಳು ಕೇಳಲಿಲ್ಲ. ಮುಖ ನೋಡಿದಳು, ಅಷ್ಟೇ.

ಬಿಸಿಲು ಆಚೆ ದಡದ ನೀರಿಗೆ ತಾಗಿತ್ತು. ಪ್ರಲ್ಹಾದರು ಅದನ್ನು ನೋಡಿ, ಗಂಟಲು ಸರಿಮಾಡಿಕೊಂಡು ಮೆತ್ತಗೆ ಹೇಳಿದರು. "ಶ್ರದ್ಧಾ, ಕೇಳಿಲ್ಲಿ. ನಿನ್ನ ಡಬ್ಬ್ಯಾಗ ಬಿಳಿ ಫ್ಲೈ ಅದನೋ ಇಲ್ಲೋ? ಅದನ್ನ ಕಟ್ಟು. ಚುರಮರಿ ಅಂತ ತಿಳದು ಬರ್ತಾವ. ಖರೇ ಅಂದ್ರ ಮೇವು ಹಾಕಿ ಹಿಡಿಯೋದು ನಮ್ಮ ಪದ್ಧತಿ ಅಲ್ಲ. ಆದ್ರ ನಾ ನೋಡಬೇಕಾಗಿದ್ದು ನಿನ್ನ ಕೈ. ಇದೊಂದು ಸಲ ನಡೀತದ."

ಅವಳ ಡಬ್ಬಿಯಲ್ಲಿ ಬಿಳಿಯದು ಇತ್ತು. ನಮ್ಮ ಮೀನಿನ ಡಬ್ಬಿಯ ಥರ್ಮಾಕೋಲನ್ನೇ ಕತ್ತರಿಸಿ ಮಾಡಿದ್ದು. ದಾರಕ್ಕೆ ಕಟ್ಟಿ, ಗಂಟನ್ನು ಎಂಜಲಿನಿಂದ ಒದ್ದೆ ಮಾಡಿ ಬಿಗಿದಳು. ಕೈಯಲ್ಲಿ ಹಿಡಿದು ನೋಡಿದಳು. ಮಂಡಕ್ಕಿಯಂತೆಯೇ ಇತ್ತು, ದೇವರಿಗೂ ಗೊತ್ತಾಗದಷ್ಟು.

ನನ್ನ ಕೈಯಿಂದ ತಿಂದ ಬಾಯಿಗೆ ಈಗ ಕೊಕ್ಕೆ. ಬೇಡ ಎಂದು ಕಿರುಚಬೇಕು ಎನಿಸಿತು. ಆದರೆ ಈಗ ಬೇಡ ಎಂದರೆ, ಅವಳು ಹೋಗುವುದೇ ನನಗೆ ಬೇಡ ಎಂಬ ಒಂದೇ ಅರ್ಥ ಅವಳಿಗೆ ಹೊಳೆಯುತ್ತದೆ, ಅದು ಪೂರ್ತಿ ಸುಳ್ಳೂ ಅಲ್ಲ. ಮಂಡಕ್ಕಿಯ ಪೊಟ್ಟಣವನ್ನು ಎರಡೂ ಕೈಯಿಂದ ಹಿಸುಕುತ್ತ ನಿಂತೆ. ಅದು ಕರಕರ ಎನ್ನುತ್ತಿತ್ತು.

ಅವಳು ಕೋಲು ಎತ್ತಿದಳು. ಹಳದಿ ದಾರ ಹಿಂದಕ್ಕೆ ಹೋಯಿತು, ನಿಂತಿತು. ಮುಂದೆ ಬರಲಿಲ್ಲ. ಅವಳು ಕೈ ಇಳಿಸಿದ್ದಳು. ದಾರ ಅವಳ ಬೆನ್ನ ಹಿಂದೆ ಹುಲ್ಲಿನ ಮೇಲೆ ಬಿತ್ತು.

"ಬೇಡ ಕಾಕಾ," ಎಂದಳು. "ಇವು ಅಮ್ಮನ ಕೈಯಿಂದ ತಿಂದಿವೆ. ತಿನ್ನಿಸಿದ ಮೀನನ್ನು ನಮ್ಮಲ್ಲಿ ಹಿಡಿಯುದಿಲ್ಲ."

"ಜಾಗಾ ಹೋದೀತು ನೋಡು, ಶ್ರದ್ಧಾ. ನಾ ನಾಳೆ ಇನ್ನೊಬ್ಬಾಂವಗ ಹೇಳಬೇಕಾಗ್ತದ."

"ಮೇಲಿನ ಹರಿವಿನಲ್ಲಿ ಇನ್ನೂ ಬಿಸಿಲು ಬಿದ್ದಿಲ್ಲ," ಎಂದು ಅವಳು ಆಗಲೇ ನಡೆಯುತ್ತಿದ್ದಳು. ನಡೆಯುತ್ತಲೇ ಥರ್ಮಾಕೋಲಿನದನ್ನು ಬಿಚ್ಚಿ ಬೇರೊಂದನ್ನು ಕಟ್ಟುತ್ತಿದ್ದಳು. ನಾನೂ ಹಿಂದೆ ಓಡಿದೆ. ತಿರುಗಿ ನೋಡದೆ ಹೇಳಿದಳು, "ಅಮ್ಮ, ಗಪ್ಪ ಬಸ್. ಸುಮ್ನೆ ಒಂದು ಕಡೆ ಕೂತ್ಕೋ. ಫೋನ್ ಕೊಡು."

ಫೋನು ಕೊಟ್ಟೆ. ಅವಳು ಅದನ್ನು ಆಫ್ ಮಾಡಿ ಪ್ರಲ್ಹಾದರ ಟೊಪ್ಪಿಯೊಳಗೆ ಹಾಕಿದಳು. ಹೋಟೆಲು ತೆರೆದ ಮೇಲೆ ಹಗಲು ಹೊತ್ತು ನನ್ನ ಫೋನು ಆಫ್ ಆಗಿದ್ದು ಅದೇ ಮೊದಲು. ಕಾಲು ಆಡಬಾರದೆಂದು ಎರಡೂ ಮೊಣಕಾಲನ್ನು ಕೈಯಿಂದ ಅಪ್ಪಿ ಹಿಡಿದು ಕುಳಿತೆ. ತಾಯಪ್ಪ ಬಂದನೋ ಇಲ್ಲವೋ. ದೋಸೆ ಹಿಟ್ಟಿಗೆ ಮೀನು ಹಾಕಿಬಿಟ್ಟರೋ ಏನೋ. ದಾರ ಹಿಂದೆ ಹೋಯಿತು, ನಿಂತಿತು. ನನ್ನ ಉಸಿರೂ ನಿಂತಿತು. ಮುಂದೆ ಬಂದಿತು. ಏನೂ ಇಲ್ಲ. ಬಿಸಿಲು ನಡುಹೊಳೆಯ ಬಂಡೆಗೆ ಬಂತು. ಹಿಂದೆ, ನಿಂತಿತು, ಮುಂದೆ. ಏನೂ ಇಲ್ಲ. ಕುತ್ತಿಗೆಯ ಮೇಲೆ ಸೊಳ್ಳೆ ಕೂತಿತ್ತು, ಹೊಡೆಯಲಿಲ್ಲ.

"ಇನ್ನೊಂದು ನಾಕು ಸಲ ಹಾಕು, ಸಾಕು," ಎಂದರು ಪ್ರಲ್ಹಾದರು.

ಎರಡು ಬಂಡೆಗಳ ನಡುವೆ ನೊರೆ ಹಾಯುವಲ್ಲಿ ಫ್ಲೈ ಬಿತ್ತು. ನೊರೆಯೊಳಗೆ ಚಿಟಿಕೆ ಹೊಡೆದಂತೆ ಸಣ್ಣ ಸದ್ದು. ಶ್ರದ್ಧಾ ಎಳೆಯಲಿಲ್ಲ, ಕೋಲನ್ನು ಸುಮ್ಮನೆ ಎತ್ತಿದಳು. ದಾರ ಬಿಗಿಯಾಯಿತು, ನಡುಗಿತು, ಎಡಕ್ಕೆ ಓಡಿತು, ಬಲಕ್ಕೆ ಓಡಿತು. ನಾನು ಎದ್ದು ನಿಂತಿದ್ದೆ. ಕೂಗಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದೆ.

ಹತ್ತಿರ ಬಂದ ಮೇಲೆ ನೋಡಿದರೆ ಗೇಣುದ್ದದ ಮೀನು. ನಮ್ಮ ಹೋಟೆಲಿನಲ್ಲಾದರೆ ಇದನ್ನು ಯಾರೂ ತಟ್ಟೆಗೆ ಹಾಕುತ್ತಿರಲಿಲ್ಲ. ಆದರೂ ಮೀಸೆ ಇತ್ತು, ಮೈಮೇಲೆ ಅದೇ ತಾಮ್ರ. ಶ್ರದ್ಧಾ ಮೊದಲು ಎರಡೂ ಕೈ ನೀರಿನಲ್ಲಿ ಅದ್ದಿದಳು. ಮೀನನ್ನು ನೀರಿನಿಂದ ಮೇಲೆತ್ತಲಿಲ್ಲ, ಅಂಗೈಯನ್ನು ಅದರ ಹೊಟ್ಟೆಯ ಕೆಳಗೆ ತಂದಳು. ಕೊಕ್ಕೆಯ ಮುಳ್ಳನ್ನು ಮೊದಲೇ ಇಕ್ಕಳದಿಂದ ಚಪ್ಪಟೆ ಮಾಡಿದ್ದಳಂತೆ, ತಿರುಗಿಸಿದ ಕೂಡಲೇ ಕಳಚಿ ಬಂತು. ಫ್ಲೈಯ ಹೊಟ್ಟೆಗೆ ಸುತ್ತಿದ್ದ ಜರಿ ಮಿಂಚಿತು. ನನ್ನ ಧಾರೆ ಸೀರೆಯದು. ಮೀನಿನ ಮುಖವನ್ನು ಹರಿವಿನ ಕಡೆ ತಿರುಗಿಸಿ ಹಿಡಿದಳು. ಬಂಗುಡೆಯ ತಲೆ ತೆಗೆಯುವ ಅದೇ ಬೆರಳುಗಳು. ಕಿವಿರು ಒಂದೆರಡು ಸಲ ತೆರೆದು ಮುಚ್ಚಿತು. ಕೈ ಖಾಲಿಯಾಯಿತು.

ಪ್ರಲ್ಹಾದರು ನೀರನ್ನೇ ನೋಡುತ್ತಿದ್ದರು. "ಇಷ್ಟ ಸಣ್ಣ ಮೀನಕ್ಕ ಇಷ್ಟ ದೊಡ್ಡ ಪರೀಕ್ಷಾ ನಾ ಯಾವತ್ತೂ ತಗೊಂಡಿಲ್ಲ," ಎಂದರು. "ಆದ್ರ ಮೀನ ಮೀನನ. ನನ್ನ ಕಡೀಂದ ಆತು. ವೈನಿ, ಇನ್ನ ನೀವು ಹೇಳಬೇಕು."

ಶ್ರದ್ಧಾ ನೀರಿನಿಂದ ಮೇಲೆ ಬರಲಿಲ್ಲ. ಅಲ್ಲೇ ನಿಂತು ದಾರ ಸುತ್ತುತ್ತಿದ್ದಳು, ಸುತ್ತಿ ಮುಗಿದ ಮೇಲೂ ಸುತ್ತುತ್ತಿದ್ದಳು.

ಈಗ ಕಾರಣಗಳು ನನಗೆ ಸಿಕ್ಕಿದ್ದವು, ಸಾಲಾಗಿ. ಚಳಿ, ದೂರ, ಡೇರೆ, ಗುರುತಿಲ್ಲದ ಜನ, ಸಂಜೆ ಗಲ್ಲಾಪೆಟ್ಟಿಗೆಯಲ್ಲಿ ಯಾರು ಕೂರುವುದು, ಅಂಗಡಿ ಮುಚ್ಚಿದ ಮೇಲೆ ನಾನು ಯಾರ ಹತ್ತಿರ ಗೊಣಗುವುದು. ಕೈಯಲ್ಲಿ ಪೊಟ್ಟಣ ಇನ್ನೂ ಇತ್ತು. ಒಳಗೆ ನೋಡಿದೆ. ಅರ್ಧ ಪುಡಿಯಾಗಿತ್ತು, ಅರ್ಧ ಇತ್ತು.

"ಶ್ರದ್ಧಾ, ಬಾ ಇಲ್ಲಿ."

ಅವಳು ಬಂದಳು. ನಾನು ಅವಳ ಕೈಹಿಡಿದು ತಿರುವು ದಾಟಿಸಿ ಅತ್ತಿಮರದ ಬುಡಕ್ಕೆ ಕರೆದುಕೊಂಡು ಹೋದೆ. "ಕೈ ಒಡ್ಡು," ಎಂದೆ. "ಎರಡೂ ಕೈ."

ಅವಳು ಬೊಗಸೆ ಒಡ್ಡಿದಳು. ಇನ್ನೂ ಒದ್ದೆಯಾಗಿದ್ದ ಬೊಗಸೆ. ನಾನು ಉಳಿದ ಮಂಡಕ್ಕಿಯನ್ನೆಲ್ಲ ಅದಕ್ಕೆ ಸುರಿದೆ. ಅವಳು ಬೊಗಸೆ ನೋಡಿದಳು, ನನ್ನ ಮುಖ ನೋಡಿದಳು. ಸಣ್ಣವಳಿದ್ದಾಗ ಕೇಳಿದ ಕಥೆ ಅವಳಿಗೆ ನೆನಪಾದದ್ದು ನನಗೆ ತಿಳಿಯಿತು.

"ನಿಜವಾ ಅಮ್ಮ?"

"ಹಾಕುದಾದ್ರೆ ಬೇಗ ಹಾಕು. ಅಪ್ಪ ಒಬ್ರೇ ಇದ್ದಾರೆ."

"ಮತ್ತ ಚುರಮರಿ ಸುರು ಆತೇನ್ರಿ?" ಎಂದು ಪ್ರಲ್ಹಾದರು ತಿರುವಿನ ಆಚೆಯಿಂದ ಕೂಗಿದರು. ಬಿಸಿಲು ಮಡುವಿನ ಅರ್ಧಕ್ಕೆ ಬಂದಿತ್ತು. ಅವಳು ನೆರಳಿನ ಅರ್ಧಕ್ಕೆ ಹಾಕಿದಳು.

ಹಿಂದಿರುಗುವಾಗ ಕೊಳವೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಫೋನು ಆನ್ ಮಾಡಿದೆ. ಮಾಡಿದ ಕೂಡಲೇ ಬಡಿದುಕೊಂಡಿತು.

"ಎಲ್ಲಿ ಸತ್ತಿದ್ದಿ?" ಎಂದರು ದೇವದಾಸ್. "ಮೀನು ಸಿಕ್ಕಿತಾ ಅವಳಿಗೆ?"

"ಸಿಕ್ಕಿತು. ತಾಯಪ್ಪ ಬಂದನಾ?"

"ಇಲ್ಲ. ನೀನು ಎಂತ ಹೇಳಿದಿ ಅದನ್ನು ಹೇಳು."

ಸ್ಕೂಟರು ಇಳಿಜಾರಿನಲ್ಲಿ ಓಡುತ್ತಿತ್ತು. ಎದುರು ಗಾಳಿಗೆ ಕೊಳವೆ ಹಿಂದಕ್ಕೆ ಎಳೆಯುತ್ತಿತ್ತು, ಬಿಗಿಯಾಗಿ ಹಿಡಿದುಕೊಂಡೆ.

"ಈ ಸೆಕೆಯಲ್ಲಿ ಉಣ್ಣೆ ಸ್ವೆಟರ್ ಎಲ್ಲಿ ಸಿಗ್ತದೆ ಅಂತ ಪಕ್ಕದ ಅಂಗಡಿಯವರತ್ರ ಕೇಳಿ ಇಡಿ," ಎಂದೆ. "ಮಸಾಲೆ ನಾನು ಬಂದು ಅರೆದು ಕೊಡ್ತೇನೆ."